ಹೆಸರಿನ ಸೀಟು, ಖರ್ಚಿಲ್ಲದ ಸೀಟು

ಸೀಟು ಸಿಗದವರ ಸಂಕಟ ಎಲ್ಲರಿಗೂ ಅರ್ಥವಾಗುತ್ತದೆ. ಎರಡು ಕಡೆ ಸೀಟು ಸಿಕ್ಕವರ ಸಂಕಟಕ್ಕೆ ಮರುಗುವವರು ಕಡಿಮೆ. 'ಎರಡೂ ಕೈಗೆ ಬಂದಿದೆಯಲ್ಲ, ಇನ್ನೇನು ಚಿಂತೆ' ಎಂದುಬಿಡುತ್ತಾರೆ. ಒಂದು ವಿಶ್ವವಿದ್ಯಾಲಯ ಫೀಸು, ಹಾಸ್ಟೆಲ್, ಊಟ ಎಲ್ಲವನ್ನೂ ತಾನೇ ನೋಡಿಕೊಳ್ಳುತ್ತೇನೆ ಎನ್ನುತ್ತದೆ. ಇನ್ನೊಂದರ ಹೆಸರು ಹೇಳಿದರೆ ಸಾಕು, ಕೇಳಿದವರು ತಲೆದೂಗುತ್ತಾರೆ. ಆದರೆ ಅಲ್ಲಿ ಹಣ ಕಟ್ಟಬೇಕು. ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುವ ನನ್ನ ಹತ್ತಿರ ಇಂಥ ಎರಡು ಪತ್ರ ಹಿಡಿದು ಬರುವ ಮಕ್ಕಳು ಈಚೆಗೆ ಹೆಚ್ಚಾಗಿದ್ದಾರೆ.

ತಿಪಟೂರು ಸೀಮೆಯ ಒಬ್ಬ ಹುಡುಗಿ ಅಪ್ಪನ ಜೊತೆ ಬಂದಿದ್ದಳು. ಒಂದು ಪತ್ರ ಬೆಂಗಳೂರಿನದು, ಪೂರ್ತಿ ವಿದ್ಯಾರ್ಥಿವೇತನ. ಇನ್ನೊಂದು ದೆಹಲಿ ಕಡೆಯ ಹೆಸರಾಂತ ಖಾಸಗಿ ವಿಶ್ವವಿದ್ಯಾಲಯದ್ದು. ಅವರು ಸ್ವಲ್ಪ ರಿಯಾಯಿತಿ ಕೊಟ್ಟಿದ್ದರೂ ನಾಲ್ಕು ವರ್ಷಕ್ಕೆ 20 ಲಕ್ಷದಷ್ಟು ಮನೆಯವರೇ ಹೊಂದಿಸಬೇಕಿತ್ತು. ಅಪ್ಪ ಜೇಬಿನಿಂದ ಕೊಬ್ಬರಿ ಮಂಡಿಯ ಪಟ್ಟಿಯೊಂದನ್ನು ತೆಗೆದು, ಹಿಂಬದಿಯಲ್ಲಿ ಪೆನ್ಸಿಲಿನಿಂದ ಹಾಕಿಕೊಂಡಿದ್ದ ಲೆಕ್ಕ ತೋರಿಸಿದರು. ಎಷ್ಟು ಕ್ವಿಂಟಲ್, ಯಾವ ದರ, ಎಷ್ಟು ವರ್ಷ. ದರದ ಜಾಗದಲ್ಲಿ ಎರಡು ಸಲ ಹೊಡೆದು ಹಾಕಿ ಮತ್ತೆ ಬರೆದಿದ್ದರು. ಆದರೆ ಅವರು ನನ್ನನ್ನು ಕೇಳಿದ್ದು ದೆಹಲಿಯ ಫೀಸಿನ ಬಗ್ಗೆ ಅಲ್ಲ. "ಈ ಬೆಂಗಳೂರಿನವರು ಪುಕ್ಕಟೆ ಯಾಕೆ ಕೊಡ್ತಾರೆ ಮೇಡಂ? ಅಲ್ಲಿಗೆ ಯಾರೂ ಸೇರಲ್ವಾ?" ಎಂದು.

ಕಾಸು ಕೊಟ್ಟು ಪಡೆದದ್ದಕ್ಕೇ ಬೆಲೆ ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಆಳವಾಗಿ ಇಳಿದಿದೆ ಎಂದು ಆಗ ಅನ್ನಿಸಿತು. ವಾರಾನ್ನದ ಮನೆಗಳಲ್ಲಿ ಉಂಡು, ಮಠದ ಹಾಸ್ಟೆಲುಗಳಲ್ಲಿ ಮಲಗಿ ಓದಿದವರ ನಾಡು ಇದು. ತುಮಕೂರಿನ ಸಿದ್ಧಗಂಗಾ ಮಠದ ದಾಸೋಹದಲ್ಲಿ ಉಂಡು ಓದಿದವರು ನಮ್ಮ ಸುತ್ತಮುತ್ತಲೇ ಎಷ್ಟೊಂದು ಜನ ಇದ್ದಾರೆ. ಆ ಓದನ್ನು ಯಾರೂ ಅಗ್ಗದ್ದು ಎನ್ನಲಿಲ್ಲ. ಹಾಗಿದ್ದೂ ವಿಶ್ವವಿದ್ಯಾಲಯವೊಂದು ಹುಡುಗಿಯ ಬುದ್ಧಿಯನ್ನೂ ಮನೆಯ ಆದಾಯವನ್ನೂ ನೋಡಿ ಪೂರ್ತಿ ಖರ್ಚು ಹೊರುತ್ತೇನೆಂದರೆ ನಮಗೆ ಅನುಮಾನ.

ಅವಳ ಮನಸ್ಸು ದೆಹಲಿಯ ಕಡೆಗಿತ್ತು. ಕಾರಣ ಕೇಳಿದೆ. "ಅಲ್ಲಿ ಓದಿದರೆ ನಾನು ಯಾರು ಅಂತ ಎಲ್ಲ ಕಡೆ ಮತ್ತೆ ಮತ್ತೆ ಹೇಳ್ಕೋಬೇಕಾಗಿಲ್ಲ ಮೇಡಂ" ಎಂದಳು.

ಆ ಮಾತನ್ನು ತಳ್ಳಿಹಾಕಲು ನನಗೆ ಆಗಲಿಲ್ಲ. ಅದರ ಹಿಂದೆ ದೊಡ್ಡ ಸತ್ಯವೇ ಇದೆ. ಅಮೆರಿಕದ ಅರ್ಥಶಾಸ್ತ್ರಜ್ಞರಾದ ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ 2002ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಾನು ತರಗತಿಯಲ್ಲೂ ಹೇಳುವುದುಂಟು. 1976ರಲ್ಲಿ ಕಾಲೇಜು ಸೇರಿದವರನ್ನು ಅವರು ನೋಡಿದರು. ಒಂದೇ ಮಟ್ಟದ ಕಾಲೇಜುಗಳಿಂದ ಪ್ರವೇಶ ಪಡೆದವರಲ್ಲಿ, ಹೆಚ್ಚು ಹೆಸರಿನ ಕಾಲೇಜಿಗೆ ಹೋದವರೂ ಕಡಿಮೆ ಹೆಸರಿನದನ್ನು ಆಯ್ದುಕೊಂಡವರೂ ಮುಂದೆ ಗಳಿಸಿದ್ದು ಹೆಚ್ಚುಕಡಿಮೆ ಅಷ್ಟೇ. ದುಡಿಮೆಯಲ್ಲಿ ಕಂಡದ್ದು ವಿದ್ಯಾರ್ಥಿಯ ಸತ್ವವೇ ಹೊರತು ಗೇಟಿನ ಮೇಲಿನ ಹೆಸರಲ್ಲ. ಆದರೆ ಇದಕ್ಕೆ ಒಂದು ಹೊರತು ಅವರಿಗೇ ಕಂಡಿತು: ಬಡ ಮನೆಯ ಮಕ್ಕಳು. ಅವರ ಮಟ್ಟಿಗೆ ಹೆಸರಿನ ಕಾಲೇಜು ಆದಾಯವನ್ನು ನಿಜಕ್ಕೂ ಹೆಚ್ಚಿಸಿತ್ತು. ಚಿಕ್ಕಪ್ಪನೋ ಅಪ್ಪನ ಗೆಳೆಯನೋ ತೆರೆಸಿಕೊಡುವ ಬಾಗಿಲುಗಳು ಅವರಿಗಿರುವುದಿಲ್ಲ. ಅವರ ಪರವಾಗಿ ಮಾತಾಡುವುದು ಕಾಲೇಜಿನ ಹೆಸರೊಂದೇ.

ಅಂದರೆ ಹೆಸರು ಯಾರಿಗೆ ಹೆಚ್ಚು ಬೇಕೋ, ಅದರ ಸಾಲ ಹೆಚ್ಚು ಭಾರವಾಗುವುದೂ ಅವರಿಗೇ. ಈ ಗಂಟು ಸಲೀಸಾಗಿ ಬಿಡಿಸುವಂಥದ್ದಲ್ಲ. 'ಕಾಲೇಜು ಯಾವುದಾದರೇನು, ಓದುವವರು ಎಲ್ಲಿದ್ದರೂ ಓದುತ್ತಾರೆ' ಎಂದು ಆ ಹುಡುಗಿಗೆ ಹೇಳಿಬಿಡುವುದು ಸುಲಭ. ಬಾಗಿಲುಗಳು ತೆರೆದೇ ಇದ್ದವರು ಆಡುವ ಮಾತು ಅದು.

ಆಮೇಲೆ ಮೂವರೂ ಕೂತು ಸಾಲದ ಲೆಕ್ಕ ಹಾಕಿದೆವು. ಶೇ. 10.5ರ ಬಡ್ಡಿಗೆ 20 ಲಕ್ಷ ತೆಗೆದು ಹತ್ತು ವರ್ಷದಲ್ಲಿ ತೀರಿಸುವುದಾದರೆ ತಿಂಗಳ ಕಂತು ಸುಮಾರು 27,000 ರೂಪಾಯಿ. ಓದುವ ವರ್ಷಗಳಲ್ಲಿ ಬೆಳೆಯುವ ಬಡ್ಡಿ ಇದರಲ್ಲಿ ಸೇರಿಲ್ಲ. ಕೇಂದ್ರ ಸರ್ಕಾರ 2024ರ ನವೆಂಬರ್‌ನಲ್ಲಿ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಉನ್ನತ ಶ್ರೇಯಾಂಕದ ಸಂಸ್ಥೆಗಳಿಗೆ ಸೇರುವವರಿಗೆ ಈಗ ಅಡಮಾನ, ಜಾಮೀನು ಇಲ್ಲದೆ ಸಾಲ ಸಿಗುತ್ತದೆ. ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಶೇ. 3ರಷ್ಟು ಬಡ್ಡಿಯ ನೆರವೂ ಉಂಟು. ಒಳ್ಳೆಯದೇ. ಆದರೆ ಆ ನೆರವು ಕಂತು ಶುರುವಾಗುವವರೆಗೆ ಮಾತ್ರ.

27,000 ಎಂದಾಗ ಅಪ್ಪ ಸುಮ್ಮನಾದರು. ನನ್ನನ್ನು ಕಾಡಿದ್ದು ಆ ಮೊತ್ತವಲ್ಲ, ಅದು ಶುರುವಾಗುವ ವಯಸ್ಸು. ಇಪ್ಪತ್ತೆರಡರಲ್ಲಿ ಪದವಿ ಮುಗಿಸಿ ಹೊರಬಂದವಳು ಕ್ಯಾಂಪಸ್‌ಗೆ ಮೊದಲು ಬಂದ ಕಂಪನಿಗೆ 'ಬೇಡ' ಎನ್ನುವ ಹಾಗಿಲ್ಲ. ಎಂ.ಎ. ಮಾಡಬೇಕೆನ್ನಿಸಿದರೆ ಕಂತು ಕಾಯುವುದಿಲ್ಲ. ಸಂಶೋಧನೆ, ಮೇಷ್ಟ್ರ ಕೆಲಸ, ಊರಿಗೆ ಮರಳುವ ಯೋಚನೆ ಎಲ್ಲವೂ ಕಂತಿನ ಅಪ್ಪಣೆ ಕೇಳಬೇಕು. ಯಾವ ಕಾಲೇಜಿಗೆ ಸೇರಬೇಕು ಎಂದು ನಾವೆಲ್ಲ ಚರ್ಚಿಸುತ್ತಿದ್ದೆವು. ಅಲ್ಲಿಂದ ಹೊರಬರುವ ದಿನ ಅವಳು ಏನೇನನ್ನು ಬೇಡ ಎನ್ನಬಲ್ಲಳು ಎಂಬ ಪ್ರಶ್ನೆ ಯಾರ ಬಾಯಲ್ಲೂ ಇರಲಿಲ್ಲ. ನನ್ನ ಮಟ್ಟಿಗೆ ಪೂರ್ತಿ ವಿದ್ಯಾರ್ಥಿವೇತನದ ದೊಡ್ಡ ಕೊಡುಗೆ ಅದು: ಹೊರಬರುವಾಗ ಬೇಡ ಎನ್ನುವ ಶಕ್ತಿ.

ಹಾಗೆಂದು ವಿದ್ಯಾರ್ಥಿವೇತನಕ್ಕೆ ಯಾವ ಕಟ್ಟೂ ಇಲ್ಲವೆಂದಲ್ಲ. ಅಂಬೇಡ್ಕರ್ 1913ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದದ್ದು ಬರೋಡಾ ಸಂಸ್ಥಾನ ಕೊಟ್ಟ ತಿಂಗಳಿಗೆ ಹನ್ನೊಂದೂವರೆ ಪೌಂಡಿನ ನೆರವಿನಿಂದ. ಓದು ಮುಗಿಸಿ ಹತ್ತು ವರ್ಷ ಸಂಸ್ಥಾನದ ಸೇವೆ ಮಾಡಬೇಕೆಂಬ ಕರಾರಿತ್ತು. ನೆರವಿನ ಅವಧಿ ಮುಗಿದಾಗ, 1917ರಲ್ಲಿ, ಲಂಡನ್ನಿನ ಓದನ್ನು ಅರ್ಧಕ್ಕೇ ಬಿಟ್ಟು ಬರೋಡಾಕ್ಕೆ ಬಂದರು. ಆ ನಗರದಲ್ಲಿ ಅವರಿಗೆ ಇರಲು ಒಂದು ನೆಲೆ ಸಿಗಲಿಲ್ಲ. ಜಾತಿ ಅಡ್ಡ ಬಂತು. 1920ರಲ್ಲಿ ಮತ್ತೆ ಲಂಡನ್ನಿಗೆ ಹೋದದ್ದು ತಮ್ಮ ಉಳಿತಾಯ, ಕೊಲ್ಹಾಪುರದ ಶಾಹು ಮಹಾರಾಜರ ಸಹಾಯ ಮತ್ತು ಗೆಳೆಯನ ಸಾಲ ಕೂಡಿಸಿಕೊಂಡು. ಅಂಥ ಮೇಧಾವಿಯ ಓದೂ ನೆರವಿನ ಪತ್ರದಲ್ಲಿದ್ದ ಅವಧಿಗೆ ತಲೆಬಾಗಬೇಕಾಯಿತು.

ಅದಕ್ಕೇ ಬೆಂಗಳೂರಿನ ಪತ್ರವನ್ನೂ ನಾವು ಬ್ಯಾಂಕಿನ ಕರಾರು ಓದುವಷ್ಟೇ ನಿಧಾನವಾಗಿ ಓದಿದೆವು. ನೆರವು ನಾಲ್ಕೂ ವರ್ಷಕ್ಕೋ, ವರ್ಷ ವರ್ಷ ನವೀಕರಿಸಬೇಕೋ? ಅಂಕ ಎಷ್ಟಕ್ಕೆ ಇಳಿದರೆ ನಿಲ್ಲುತ್ತದೆ? ಫೀಸು ಏರಿದರೆ ಏರಿದ್ದನ್ನು ಯಾರು ಕಟ್ಟುತ್ತಾರೆ? ಕನ್ನಡ ಮಾಧ್ಯಮದಿಂದ ಹೋದ ಮಗುವಿಗೆ ಮೊದಲ ಸೆಮಿಸ್ಟರ್ ಕಷ್ಟವಾಗುವುದು ಸಹಜ. ಆಗ ಒಂದು ಅವಕಾಶ ಉಂಟೋ ಇಲ್ಲವೋ? ಒಂದೆರಡಕ್ಕೆ ಪತ್ರದಲ್ಲಿ ಉತ್ತರವಿರಲಿಲ್ಲ. ಅವಳೇ ಫೋನ್ ಮಾಡಿ ಕೇಳಿದಳು. ಆ ಕಡೆಯವರು ತಾಳ್ಮೆಯಿಂದ ವಿವರಿಸಿ, ಅದನ್ನೇ ಬರೆದೂ ಕಳಿಸಿದರು. ಅಪ್ಪನ ಅನುಮಾನ ಕರಗಿದ್ದು ನನ್ನ ಉಪದೇಶದಿಂದಲ್ಲ, ಆ ಬರಹದಿಂದ.

ಅವಳು ಬೆಂಗಳೂರಿಗೆ ಹೋದಳು. ಎರಡನೇ ವರ್ಷದ ರಜೆಯಲ್ಲಿ ಸಹಪಾಠಿಗಳು ಕಂಪನಿಗಳ ಇಂಟರ್ನ್‌ಶಿಪ್ ಹಿಡಿದರೆ, ಇವಳು ಬಿಡಿಗಾಸೂ ಸಿಗದ ಕ್ಷೇತ್ರಕಾರ್ಯಕ್ಕೆ ತನ್ನ ಊರಿನ ಕಡೆಗೇ ಬಂದಳು. ನಾಫೆಡ್ ಬೆಂಬಲ ಬೆಲೆಗೆ ಕೊಳ್ಳುವಾಗಲೂ ಸಣ್ಣ ಬೆಳೆಗಾರರು ಕೊಬ್ಬರಿಯನ್ನು ಮಂಡಿಗೇ ಹಾಕುವುದು ಏಕೆ ಎಂದು ಮನೆ ಮನೆ ತಿರುಗಿ ಕೇಳಿದಳು. ದೆಹಲಿಗೆ ಹೋಗಿದ್ದರೆ ಇದಕ್ಕಿಂತ ದೊಡ್ಡದೇನನ್ನೋ ಮಾಡುತ್ತಿದ್ದಳೇನೋ, ಅದನ್ನು ಅಳೆಯುವ ದಾರಿಯಿಲ್ಲ. ಅದೇ ಸಾಲಿನ ಇನ್ನೊಬ್ಬ ಹುಡುಗ ಸಾಲ ಮಾಡಿಯೇ ಹೆಸರಾಂತ ಕಾನೂನು ಕಾಲೇಜಿಗೆ ಸೇರಿದ. ಆ ಹೆಸರೇ ಅವನನ್ನು ದೊಡ್ಡ ವಕೀಲರ ಚೇಂಬರಿನ ಒಳಗೆ ಕೂರಿಸಿತು. ಅವನ ಅಮ್ಮನಿಗೆ ಸರ್ಕಾರಿ ಸಂಬಳವಿತ್ತು, ಬಡ್ಡಿಯನ್ನು ಅದು ತಾಳಿಕೊಂಡಿತು. ಅವನ ಆಯ್ಕೆಯೂ ಸರಿಯೇ. ಮಂಡಿಯ ದರ ನಂಬಿಕೊಂಡ ಮನೆಯಿಂದ ಅದೇ ಸಾಲ ಎದ್ದಿದ್ದರೆ ನಾನು ಖಂಡಿತ ತಡೆಯುತ್ತಿದ್ದೆ.

ಹೆಸರುವಾಸಿ ವಿಶ್ವವಿದ್ಯಾಲಯಗಳ ಮೇಲೆ ನನಗಿರುವ ಸಿಟ್ಟು ಬೇರೆ. ಪ್ರವೇಶ ಪತ್ರ ಮೊದಲು ಬರುತ್ತದೆ, ಎಷ್ಟು ನೆರವು ಎಂಬ ಪತ್ರ ಆಮೇಲೆ, ಅದೂ ಅವಳ ವಿಷಯದಲ್ಲಿ ಮುಂಗಡ ಕಟ್ಟುವ ಗಡುವಿಗೆ ವಾರ ಉಳಿದಿದ್ದಾಗ. ಪಹಣಿ, ಆದಾಯ ಪ್ರಮಾಣಪತ್ರ ಹೊಂದಿಸಿ ಬ್ಯಾಂಕಿಗೆ ಎರಡು ಸಲ ಹೋಗಿಬರುವಷ್ಟರಲ್ಲಿ ಆ ವಾರ ಮುಗಿದಿರುತ್ತದೆ. ನಗರದ ಸಂಬಳದ ಮನೆಗೆ ಅದು ಸಾಕಾದೀತು, ಹಳ್ಳಿಯ ಮನೆಗೆ ಸಾಲದು. ನೆರವಿನ ಮೊತ್ತವನ್ನು ಪ್ರವೇಶ ಪತ್ರದಲ್ಲೇ ಬರೆದು ಒಂದು ತಿಂಗಳು ಸಮಯ ಕೊಡಲಿ. ಆ ಮಗು ತನಗೆ ಬೇಕಾದದ್ದನ್ನು ಆಯ್ದುಕೊಂಡಿತು ಎನ್ನಬೇಕಾದರೆ ಅಷ್ಟಾದರೂ ಬೇಕು.