ತೌಬಾದ ಜೊತೆಗೆ ಚಿಕಿತ್ಸೆಯೂ ಬೇಕು



ಮದ್ಯವು ಹರಾಮ್ ಎಂಬುದು ನಮ್ಮ ಮನೆಯ ಮಕ್ಕಳಿಗೂ ಗೊತ್ತು. ಆದರೂ ಯಾದಗಿರಿ, ಶಹಾಪುರ, ಸುರಪುರಗಳ ನಮ್ಮ ಮೊಹಲ್ಲಾಗಳಲ್ಲಿ ಈ ಚಟ ಹೊಕ್ಕ ಮನೆಗಳು ಇಲ್ಲವೇ? ಇವೆ. ಆದರೆ ಬಾಯಿ ಬಿಡುವವರಿಲ್ಲ. ಮಗನ ಕುಡಿತ ಹೊರಗೆ ತಿಳಿದರೆ ಮಗಳಿಗೆ ಸಂಬಂಧ ಬಾರದೆಂಬ ಅಂಜಿಕೆ. ಜಮಾಅತಿನವರು ಏನೆಂದಾರೋ ಎಂಬ ನಾಚಿಕೆ. ಹೀಗೆ ರೋಗವು ಮುಚ್ಚಿದ ಬಾಗಿಲ ಹಿಂದೆಯೇ ಬೆಳೆಯುತ್ತದೆ.

2007ರ ಜುಲೈಯಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಸಾರಾಯಿ ಹೋಯಿತು, ಚಟ ಹೋಗಲಿಲ್ಲ. ಅಂಗಡಿಗೆ ಬೀಗ ಹಾಕಬಹುದು. ವರ್ಷಗಟ್ಟಲೆ ಮದ್ಯಕ್ಕೆ ಒಗ್ಗಿದ ಮೆದುಳಿಗೆ ಬೀಗ ಹಾಕಲಾಗದು. ಮದ್ಯವು ಔಷಧವಲ್ಲ, ಅದು ರೋಗವೆಂದು ಪ್ರವಾದಿ(ಸ)ರು ತಿಳಿಸಿದ್ದಾರೆ. ಅಲ್ಲಾಹನು ಮದ್ದಿಲ್ಲದ ರೋಗವನ್ನು ಇಳಿಸಿಲ್ಲವೆಂದೂ ಅವರೇ ಕಲಿಸಿದ್ದಾರೆ. ಹಾಗಿರುವಾಗ ಈ ರೋಗಿಯನ್ನು ಮಾತ್ರ ನಾವು ವೈದ್ಯರ ಬಳಿಗೆ ಒಯ್ಯುವುದಿಲ್ಲವೇಕೆ?

ಕೆಲವು ಹಿರಿಯರು ಆಣೆ ಮಾಡಿಸಿ, ಮಗನನ್ನು ಕೋಣೆಯಲ್ಲಿ ಕೂಡಿ ಹಾಕುತ್ತಾರೆ. ಇದು ಅಪಾಯಕರ. ನಿತ್ಯವೂ ಅತಿಯಾಗಿ ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನಗಳಲ್ಲಿ ಕೈ ನಡುಗಬಹುದು, ಫಿಟ್ಸ್ ಬರಬಹುದು, ಇಲ್ಲದ್ದನ್ನು ಕಂಡು ಬಡಬಡಿಸಬಹುದು. ಇದು ಜಿನ್ನಿನ ಕಾಟವಲ್ಲ. ಚಿಕಿತ್ಸೆ ಸಿಗದಿದ್ದರೆ ಪ್ರಾಣವೇ ಹೋದೀತು. ವೈದ್ಯರು ಕೆಲವು ದಿನ ಮಾತ್ರೆ ಮತ್ತು ಬಿ1 ವಿಟಮಿನ್ ಕೊಟ್ಟು ಈ ಗಂಡಾಂತರವನ್ನು ದಾಟಿಸುತ್ತಾರೆ. ಆ ಬಳಿಕ ಕುಡಿಯುವ ಹಂಬಲವನ್ನು ತಗ್ಗಿಸಲು ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂತಹ ಔಷಧಗಳಿವೆ.

ಸಹೋದರಿಯರೇ, ನಿಮಗೊಂದು ವಿಶೇಷ ಮಾತು. ಗಂಡನಿಗೆ ತಿಳಿಯದಂತೆ ಸಾರಿನಲ್ಲಿ ಪುಡಿ ಬೆರೆಸಿ ಕುಡಿತ ಬಿಡಿಸಲು ಹೋಗಬೇಡಿ. ಡೈಸಲ್ಫಿರಾಮ್ ಎಂಬ ಔಷಧ ಹೊಟ್ಟೆಯಲ್ಲಿರುವಾಗ ಮದ್ಯ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ರಕ್ತದೊತ್ತಡ ಕುಸಿದು ಜೀವಕ್ಕೇ ಕುತ್ತು ಬರಬಹುದು. ರೋಗಿಗೆ ತಿಳಿಸಿ, ಅವನ ಒಪ್ಪಿಗೆಯಿಂದ, ವೈದ್ಯರ ನಿಗಾದಲ್ಲಿ ಮಾತ್ರ ಕೊಡುವ ಔಷಧವದು. ಸದುದ್ದೇಶವಿದ್ದರೂ ವಂಚನೆಯು ವಂಚನೆಯೇ.

ನೋವಿನ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಸಿರಪ್, ಹೆರಾಯಿನ್‌ಗಳ ದಾಸರಾದ ಯುವಕರಿಗೂ ಔಷಧವಿದೆ. ಬುಪ್ರೆನಾರ್ಫಿನ್ ಮತ್ತು ಮೆಥಡೋನ್‌ಗಳನ್ನು ವಿಶ್ವ ಆರೋಗ್ಯ ಸಂಸ್ಥೆಯು 2005ರಲ್ಲಿ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. "ಒಂದು ಅಮಲು ಬಿಡಿಸಿ ಇನ್ನೊಂದು ಅಮಲು ಹಿಡಿಸುವುದೇ?" ಎಂದು ನೀವು ಕೇಳಬಹುದು. ಇವೂ ಅಫೀಮಿನ ಗುಣದ ಔಷಧಗಳೇ. ಆದರೆ ವೈದ್ಯರು ಗೊತ್ತುಪಡಿಸಿದ ಪ್ರಮಾಣದಲ್ಲಿ ಸೇವಿಸಿದಾಗ ಅಮಲೇರುವುದಿಲ್ಲ. ಮೈನೋವು, ಚಡಪಡಿಕೆ ಅಡಗುತ್ತವೆ, ಮನುಷ್ಯನು ದುಡಿಮೆಗೂ ನಮಾಝಿಗೂ ಮರಳುತ್ತಾನೆ. ಮನಸ್ಸಿಗೆ ಬಂದಂತೆ ನಿಲ್ಲಿಸಿದರೆ ಮತ್ತೆ ಹಳೆಯ ಹಾದಿ ಹಿಡಿಯುವ ಭಯವಿದೆ. ಶಂಕೆಯಿದ್ದರೆ ವೈದ್ಯರನ್ನೂ ವಿದ್ವಾಂಸರನ್ನೂ ಕೂಡಿ ಕೇಳಿರಿ.

ಕುಡಿದು ಮತ್ತೆ ಮತ್ತೆ ಸಿಕ್ಕಿಬಿದ್ದ ಒಬ್ಬನನ್ನು ಯಾರೋ ಶಪಿಸಿದಾಗ ಪ್ರವಾದಿ(ಸ)ರು ತಡೆದರು; ಅವನ ಹೃದಯದಲ್ಲಿ ಅಲ್ಲಾಹನ ಮತ್ತು ಅವನ ಸಂದೇಶವಾಹಕರ ಪ್ರೀತಿಯಿದೆ ಎಂದರು. ಪಾಪವನ್ನು ಪಾಪವೆಂದೇ ಹೇಳಿದರು, ಪಾಪಿಯನ್ನು ಕೈಬಿಡಲಿಲ್ಲ. ಎರಡು ತಿಂಗಳು ಬಿಟ್ಟು ಮತ್ತೆ ಜಾರಿದ ನಿಮ್ಮ ಮಗನನ್ನು "ನಿನ್ನ ತೌಬಾ ಸುಳ್ಳು" ಎಂದು ಹಂಗಿಸುವ ಮುನ್ನ ಇದನ್ನು ನೆನೆಯಿರಿ.

ಯಾದಗಿರಿಯ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿರಿ. ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಇವೆ. 2022ರಲ್ಲಿ ಆರಂಭವಾದ ಸರಕಾರದ ಉಚಿತ ಸಹಾಯವಾಣಿ ಟೆಲಿ ಮಾನಸ್, ಸಂಖ್ಯೆ 14416. ಹೆಸರು ಹೇಳದೆಯೂ ಸಲಹೆ ಕೇಳಬಹುದು.

ತೌಬಾ ಹೃದಯದ ಕೆಲಸ, ಚಿಕಿತ್ಸೆ ದೇಹದ ಹಕ್ಕು. ಒಂದನ್ನು ಮಾಡಿ ಇನ್ನೊಂದನ್ನು ಬಿಡಬೇಡಿ. ಅಲ್ಲಾಹನು ನಮ್ಮ ಮನೆಗಳನ್ನು ಈ ವಿಪತ್ತಿನಿಂದ ಕಾಪಾಡಲಿ, ಸಿಲುಕಿದವರಿಗೆ ಬಿಡುಗಡೆಯನ್ನೂ ಜೊತೆಗಿರುವವರಿಗೆ ಸಹನೆಯನ್ನೂ ಕರುಣಿಸಲಿ. ಆಮೀನ್.