ಎರಡೂ ಪಾಳೆಯಕ್ಕೆ ಅನ್ನ

ಆನವಟ್ಟಿಯ ಮಗ್ಗುಲಿನ ಕುಬಟೂರಿಗೆ ಹೋದವರು ಕೈಟಭೇಶ್ವರನ ಗುಡಿಯನ್ನು ನೋಡಿ, ಕಂಬಗಳ ನುಣುಪನ್ನು ಮುಟ್ಟಿ ಮೆಚ್ಚಿ ಬರುತ್ತಾರೆ. ಊರಿನವರು ಅದರ ಜೊತೆಗೆ ಇನ್ನೊಂದು ಮಾತನ್ನೂ ಸೇರಿಸುತ್ತಾರೆ: ಚಂದ್ರಹಾಸನ ಕುಂತಳ ನಗರ ಎಂದರೆ ಇದೇ. ಹಾಗೆ ಹೇಳುವಾಗ ಅವರ ದನಿಯಲ್ಲಿ ಸಂದೇಹದ ಸುಳಿವೂ ಇರುವುದಿಲ್ಲ. ನಮ್ಮೂರು ಅಲ್ಲಿಂದ ದೂರವಲ್ಲವಾದ್ದರಿಂದ ನಾನೂ ಚಿಕ್ಕಂದಿನಿಂದ ಆ ಮಾತನ್ನು ನಂಬಿಕೊಂಡೇ ಬೆಳೆದವನು.

ಚಂದ್ರಹಾಸ ಎಂದೊಡನೆ ಎಲ್ಲರಿಗೂ ನೆನಪಾಗುವುದು ‘ವಿಷ’ವು ‘ವಿಷಯೆ’ಯಾದ ಪ್ರಸಂಗ. ನನ್ನನ್ನು ಕಾಡುತ್ತಿರುವುದು ಕುದುರೆ. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಚಂದ್ರಹಾಸನ ಕತೆ ಬರುವುದೇ ಧರ್ಮರಾಯನ ಅಶ್ವಮೇಧದ ಕುದುರೆ ಅವನ ಸೀಮೆಗೆ ಬಂದದ್ದರಿಂದ. ಕುದುರೆ ಬಂದ ಮೇಲೆ ರಾಜನಿಗೆ ಉಳಿಯುವ ದಾರಿ ಎರಡೇ. ಕಟ್ಟಿದರೆ ಯುದ್ಧ, ಬಿಟ್ಟರೆ ಅಧೀನತೆ. ‘ಸ್ವಾಮೀ, ನಿಮ್ಮ ಯಾಗ ನಿಮಗೆ, ನನ್ನ ರಾಜ್ಯ ನನಗೆ, ನನ್ನ ಪಾಡಿಗೆ ನನ್ನನ್ನು ಬಿಡಿ’ ಎನ್ನುವ ಮೂರನೆಯ ಉತ್ತರಕ್ಕೆ ಆ ಶಾಸ್ತ್ರದಲ್ಲಿ ಜಾಗವಿಲ್ಲ. ಕುದುರೆಯ ಹಿಂದೆ ಅರ್ಜುನನ ಜೊತೆಗೆ ಕೃಷ್ಣನೂ ಇದ್ದುದರಿಂದ ಭಕ್ತನಾದ ಚಂದ್ರಹಾಸನಿಗೆ ಅದು ಸಂಕಟವಾಗಲಿಲ್ಲ, ಸಂಭ್ರಮವೇ ಆಯಿತು. ಎಲ್ಲ ದೇಶಗಳಿಗೂ ಆ ಭಾಗ್ಯ ಇರುವುದಿಲ್ಲ.

ಎರಡನೆಯ ಮಹಾಯುದ್ಧದಲ್ಲಿ ಇರಾನಿಗೆ ಇರಲಿಲ್ಲ. 1939ರ ಸೆಪ್ಟೆಂಬರಿನಲ್ಲಿ ಯುದ್ಧ ಶುರುವಾದಾಗ ಇರಾನು ತಾನು ತಟಸ್ಥ ಎಂದು ಸಾರಿತು. ‘ತಟಸ್ಥ’ ಎಂದರೆ ದಡದಲ್ಲಿ ನಿಂತವನು. ಹೊಳೆಯಲ್ಲಿ ಯಾರು ಈಜಿದರೂ ಯಾರು ಮುಳುಗಿದರೂ ಅವನ ಬಟ್ಟೆ ಒದ್ದೆಯಾಗಬಾರದು. ಆದರೆ ಇರಾನಿನ ದಡದಲ್ಲಿ ಎಣ್ಣೆಯಿತ್ತು. ಶತ್ ಅಲ್ ಅರಬ್ ಹೊಳೆಯ ದಡದ ಅಬಾದಾನಿನಲ್ಲಿ ಜಗತ್ತಿನ ಅತಿ ದೊಡ್ಡ ತೈಲ ಶುದ್ಧೀಕರಣ ಕಾರ್ಖಾನೆಗಳಲ್ಲಿ ಒಂದಿತ್ತು. ಅದನ್ನು ನಡೆಸುತ್ತಿದ್ದದ್ದು ಆಂಗ್ಲೋ-ಇರಾನಿಯನ್ ಆಯಿಲ್ ಕಂಪನಿ. 1914ರಿಂದಲೇ ಆ ಕಂಪನಿಯ ಹೆಚ್ಚಿನ ಪಾಲು ಬ್ರಿಟಿಷ್ ಸರ್ಕಾರದ ಕೈಯಲ್ಲಿತ್ತು. ಅಂದರೆ ದೇಶ ಯಾರ ಪಕ್ಷವನ್ನೂ ಹಿಡಿದಿರಲಿಲ್ಲ, ಅದರ ಎಣ್ಣೆ ಮಾತ್ರ ಮೊದಲಿನಿಂದಲೂ ಒಂದು ಪಕ್ಷದ ಹಡಗುಗಳಿಗೆ ಹೋಗುತ್ತಿತ್ತು. ಎಣ್ಣೆ ಇರಾನಿನದು, ಉಗ್ರಾಣದ ಕೀಲಿಕೈ ಬೇರೆಯವರದು. ಇತ್ತ ದೇಶದ ವ್ಯಾಪಾರವೆಲ್ಲ ಜರ್ಮನಿಯ ಕಡೆಗೆ ವಾಲಿತ್ತು, ಜರ್ಮನ್ ಕುಶಲಿಗಳು ಅಲ್ಲಿ ನೂರಾರು ಮಂದಿ ಇದ್ದರು.

1941ರ ಜೂನಿನಲ್ಲಿ ಹಿಟ್ಲರ್ ರಷ್ಯದ ಮೇಲೆ ಏರಿ ಹೋದ. ರಷ್ಯಕ್ಕೆ ಸಾಮಾನು ಸಾಗಿಸಲು ದಾರಿ ಬೇಕಾಯಿತು, ಎಣ್ಣೆಗೆ ಕಾವಲು ಬೇಕಾಯಿತು. ಜರ್ಮನರನ್ನು ಹೊರಹಾಕಿ ಎಂಬ ಒತ್ತಾಯದ ಬೆನ್ನಿಗೇ ಆಗಸ್ಟ್ 25ರ ನಸುಕಿನಲ್ಲಿ ಉತ್ತರದಿಂದ ರಷ್ಯದವರು, ದಕ್ಷಿಣದಿಂದ ಬ್ರಿಟಿಷರು ಇರಾನಿನೊಳಗೆ ನುಗ್ಗಿದರು. ಇರಾನಿನ ನೌಕಾಪಡೆಯ ಮುಖ್ಯಸ್ಥ ಬಾಯಂದೋರ್ ಅದೇ ದಿನ ಸತ್ತರು. ಕೆಲವೇ ದಿನಗಳಲ್ಲಿ ಪ್ರತಿಭಟನೆ ಮುಗಿಯಿತು. ಸೆಪ್ಟೆಂಬರ್ 16ರಂದು ರೆಜಾ ಷಾ ಮಗನಿಗೆ ಪಟ್ಟ ಬಿಟ್ಟುಕೊಟ್ಟರು. ಅವರನ್ನು ಹೊತ್ತ ಹಡಗು ಮುಂಬಯಿಗೆ ಬಂತು, ಅಲ್ಲಿ ಇಳಿಯಲು ಅಪ್ಪಣೆ ಸಿಗಲಿಲ್ಲ. ಮಾರಿಷಸ್‌ಗೆ ಹೋಗಿ, ಅಲ್ಲಿಂದ ಜೊಹಾನ್ಸ್‌ಬರ್ಗಿಗೆ ಹೋಗಿ, 1944ರಲ್ಲಿ ಅಲ್ಲಿಯೇ ತೀರಿಕೊಂಡರು. 1942ರ ಜನವರಿಯ ಒಪ್ಪಂದವೋ, ಪರದೇಶದ ಈ ಸೈನ್ಯಗಳು ಅಲ್ಲಿರುವುದು ಆಕ್ರಮಣವಲ್ಲ ಎಂದು ಬರೆದುಕೊಂಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಟೆಹರಾನಿನ ಜನ ರೊಟ್ಟಿಗಾಗಿ ಬೀದಿಯಲ್ಲಿ ದಂಗೆಯೆದ್ದರು. 1943ರ ಸೆಪ್ಟೆಂಬರಿನಲ್ಲಿ ಇರಾನೇ ಜರ್ಮನಿಯ ಮೇಲೆ ಯುದ್ಧ ಸಾರಿತು. ಕುದುರೆಯನ್ನು ಕಟ್ಟಲೂ ಇಲ್ಲ, ಬಿಡಲೂ ಇಲ್ಲ. ಕೊನೆಗೆ ಅದರ ಬೆನ್ನ ಹಿಂದೆಯೇ ನಡೆಯಬೇಕಾಯಿತು.

ಇದನ್ನು ಓದುವಾಗ ನನಗೆ ನಾಚಿಕೆ ತಂದ ಸಂಗತಿ ಒಂದಿದೆ. ಆ ನಸುಕಿನಲ್ಲಿ ದೋಣಿಗಳಲ್ಲಿ ಹೊಳೆ ದಾಟಿ ಅಬಾದಾನನ್ನು ಹಿಡಿದದ್ದು ಭಾರತೀಯ ಸೈನ್ಯದ ಎಂಟನೆಯ ಡಿವಿಜನ್ನು. ನಮ್ಮನ್ನಾದರೂ ಯಾರು ಕೇಳಿದ್ದರು? 1939ರಲ್ಲಿ ಭಾರತವೂ ಯುದ್ಧದಲ್ಲಿದೆ ಎಂದು ವೈಸರಾಯ್ ನಮ್ಮ ಮುಖಂಡರನ್ನು ಒಂದು ಮಾತೂ ಕೇಳದೆ ಸಾರಿದ್ದರು. ಬೇಡವೆಂದವನ ಮನೆಗೆ, ಬೇಕೋ ಬೇಡವೋ ಎಂದು ಯಾರೂ ಕೇಳದವನನ್ನು ನುಗ್ಗಿಸಿದರು. ಹಿಟ್ಲರ್ ಸೋಲಬೇಕಾಗಿತ್ತು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಆದರೂ ಒಳ್ಳೆಯ ಯಾಗದ ಕುದುರೆ ತುಳಿದ ಪೈರೂ ಪೈರೇ.

ಹಾಗಾದರೆ ತಟಸ್ಥನಾಗಿರುವುದು ತಪ್ಪೇ? ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಉಡುಪಿಯ ಕಡೆ ಹೇಳುವ ಕತೆ ನೆನಪಾಗುತ್ತದೆ. ವ್ಯಾಸರಲ್ಲಿ ಇಲ್ಲದ, ಜನರ ಬಾಯಲ್ಲಿ ಇರುವ ಕತೆ. ಕುರುಕ್ಷೇತ್ರಕ್ಕೆ ಹೋದ ಉಡುಪಿಯ ಅರಸನಿಗೆ ಯಾವ ಪಕ್ಷಕ್ಕೂ ಸೇರಲು ಮನಸ್ಸಾಗಲಿಲ್ಲ. ಎರಡೂ ಪಾಳೆಯಕ್ಕೆ ಅಡುಗೆ ಮಾಡಿ ಬಡಿಸುತ್ತೇನೆ ಎಂದ. ದಿನದಿನವೂ ಸಾವಿರಾರು ಜನ ಸಾಯುತ್ತಿದ್ದರೂ ಅವನ ಅನ್ನ ಒಂದು ದಿನವೂ ಮಿಗಲಿಲ್ಲ, ಒಂದು ದಿನವೂ ಸಾಲದಾಗಲಿಲ್ಲ. ಗುಟ್ಟು ಇಷ್ಟೇ: ರಾತ್ರಿ ಕೃಷ್ಣ ತಿನ್ನುತ್ತಿದ್ದ ಕಡಲೆಕಾಯಿಗಳನ್ನು ಅವನು ಎಣಿಸುತ್ತಿದ್ದ. ಎಷ್ಟು ತಿಂದನೋ ಅಷ್ಟು ಸಾವಿರ ಮಂದಿ ಮರುದಿನ ಸಾಯುವವರು. ಕಡಲೆಕಾಯಿ ಆಗ ಈ ದೇಶಕ್ಕೆ ಬಂದೇ ಇರಲಿಲ್ಲವಲ್ಲ ಎಂದು ಇತಿಹಾಸದವರು ನಗಬಹುದು. ನಗಲಿ. ಕತೆ ಹೇಳುವವರೆಲ್ಲ ಅರಸನ ಜಾಣತನವನ್ನು ಹೊಗಳುತ್ತಾರೆ. ನನಗೆ ಮಾತ್ರ ಈ ಕತೆ ಕೇಳಿದರೆ ಮೈ ಜುಮ್ಮೆನ್ನುತ್ತದೆ. ನಾಳೆ ಎಷ್ಟು ಜನ ಸಾಯುತ್ತಾರೆ ಎಂಬುದು ಕೃಷ್ಣನನ್ನು ಬಿಟ್ಟರೆ ಆ ತಟಸ್ಥನೊಬ್ಬನಿಗೇ ಗೊತ್ತಿತ್ತು. ಗೊತ್ತಿದ್ದು ಅವನು ಮಾಡಿದ್ದೇನು? ಅಷ್ಟು ಅಕ್ಕಿ ಕಡಿಮೆ ಹಾಕಿದ.

ಯುದ್ಧಕ್ಕೆ ಬೇಕಾದ ಸರಕು ಉಳ್ಳ ತಟಸ್ಥನಿಗೆ ಯುದ್ಧದ ಗುಟ್ಟು ಲೆಕ್ಕದ ಪುಸ್ತಕದಲ್ಲೇ ತಿಳಿಯುತ್ತದೆ. ಪೋರ್ಚುಗಲ್ ಅದೇ ಯುದ್ಧದಲ್ಲಿ ಫಿರಂಗಿ-ಗುಂಡುಗಳಿಗೆ ಬೇಕಾದ ಟಂಗ್‌ಸ್ಟನ್ ಅದಿರನ್ನು 1944ರ ಜೂನಿನವರೆಗೆ ಎರಡೂ ಕಡೆಗೆ ಮಾರಿತು. ಬೆಲೆ ಏರಿದಂತೆಲ್ಲ ಎಲ್ಲೋ ಗುಂಡು ಹೆಚ್ಚು ಹಾರುತ್ತಿದೆ ಎಂದು ಮಾರುವವನಿಗೆ ತಿಳಿಯದೆ ಇರುತ್ತದೆಯೇ? ಇರಾನಿಗೂ ಪೋರ್ಚುಗಲ್ಲಿಗೂ ಒಂದೇ ತಕ್ಕಡಿ ಹಿಡಿಯಲಾಗದು. ಒಂದಕ್ಕೆ ತನ್ನ ಸರಕಿನ ಮೇಲೆ ತನಗೇ ಅಧಿಕಾರವಿರಲಿಲ್ಲ, ಇನ್ನೊಂದಕ್ಕೆ ಇತ್ತು. ಕೊಡುವುದಿಲ್ಲ ಎನ್ನುವ ಶಕ್ತಿ ಇದ್ದವನ ತಾಟಸ್ಥ್ಯವನ್ನೇ ನಾವು ಪ್ರಶ್ನಿಸಬೇಕಾದದ್ದು.

ಇದೆಲ್ಲ ದೂರದ ಮಾತು ಎನಿಸಬಹುದು. ಹತ್ತಿರದ್ದನ್ನೇ ಹೇಳುತ್ತೇನೆ. ನಮ್ಮ ತಂದೆಯದು ಕಿರಾಣಿ ಅಂಗಡಿ. ಕರೆಂಟು ಇನ್ನೂ ಎಲ್ಲ ಮನೆಗೆ ಬಂದಿರದ ಕಾಲ. ಸೀಮೆಎಣ್ಣೆಯ ಡ್ರಮ್ಮು, ಅದರ ಮೇಲೊಂದು ಲಾಳಿಕೆ, ಅಳೆಯುವ ಮಾಪು, ಇವು ಅಂಗಡಿಯ ಮೂಲೆಯಲ್ಲಿ ಇದ್ದೇ ಇದ್ದವು. ಊರಲ್ಲಿ ಎರಡು ಮನೆತನದವರಿಗೆ ಕೆರೆಯ ತೂಬಿನ ನೀರಿನ ವಿಷಯಕ್ಕೆ ಮಾತು ಬಿಟ್ಟಿತ್ತು. ಊರೇ ಇಬ್ಭಾಗವಾಗಿತ್ತು. ಎರಡೂ ಮನೆಯವರಿಗೆ ನಮ್ಮಲ್ಲಿ ಉದ್ರಿ ಲೆಕ್ಕವಿತ್ತು. ಯಾರಾದರೂ ಕೆಣಕಿದರೆ ತಂದೆ, ‘ಅಂಗಡಿ ಇಟ್ಟವನಿಗೆ ಪಕ್ಷ ಇಲ್ಲ ಮಾರಾಯ’ ಎಂದು ನಗುತ್ತಿದ್ದರು. ಒಂದು ಸಂಜೆ ಆ ಮನೆಗಳಲ್ಲೊಂದರ ಹುಡುಗ ಬಂದು, ಯಾವಾಗಲೂ ಅರ್ಧ ಬಾಟ್ಲಿ ಒಯ್ಯುವವನು, ಎರಡು ಬಾಟ್ಲಿ ಸೀಮೆಎಣ್ಣೆ ಕೇಳಿದ. ತಂದೆ ಅಳೆದು ಕೊಟ್ಟರು, ಪುಸ್ತಕದಲ್ಲಿ ಬರೆದುಕೊಂಡರು. ಆ ರಾತ್ರಿ ಇನ್ನೊಂದು ಮನೆಯವರ ಹುಲ್ಲಿನ ಬಣವೆ ಉರಿಯಿತು. ಪಕ್ಕದಲ್ಲಿ ಕಟ್ಟಿದ್ದ ಕರುವಿನ ಕಣ್ಣಿ ಬಿಚ್ಚಲು ಯಾರಿಗೂ ಆಗಲಿಲ್ಲ.

ಪಂಚಾಯಿತಿಯಲ್ಲಿ ತಂದೆಯನ್ನು ಕರೆದು ಕೇಳಿದರು. ಅಲ್ಲಿಯೂ ಅವರು ಅದೇ ಮಾತು ಹೇಳಿದರು. ಪುಸ್ತಕವನ್ನು ಯಾರೂ ಕೇಳಲಿಲ್ಲ, ಅವರಾಗಿ ತೋರಿಸಲೂ ಇಲ್ಲ. ಬಹಳ ವರ್ಷಗಳ ಮೇಲೆ, ಅಂಗಡಿ ಮುಚ್ಚಿ ಜಗಲಿಯಲ್ಲಿ ಕೂತು ದಿನ ಕಳೆಯುತ್ತಿದ್ದಾಗ, ನಾನು ಕೇಳದೆಯೇ ಅವರು ಆ ಮಾತೆತ್ತಿದರು.

‘ಎರಡನೇ ಬಾಟ್ಲಿ ತುಂಬಿಸುವಾಗಲೇ ನನಗೆ ಗೊತ್ತಾಗಿತ್ತು ತಮ್ಮಾ. ಇಷ್ಟು ಯಾಕೋ ಅಂತ ಒಂದು ಮಾತು ಕೇಳಬೇಕಿತ್ತು.’

‘ಕೇಳಿದ್ದರೆ ಅವನು ನಿಲ್ಲಿಸುತ್ತಿದ್ದನೇ ಅಪ್ಪ? ಬೇರೆ ಕಡೆ ತರುತ್ತಿದ್ದ.’

‘ತರುತ್ತಿದ್ದ ಏನೋ. ಆದರೆ ಆಗ ಅದು ನನ್ನ ಎಣ್ಣೆ ಆಗ್ತಿರಲಿಲ್ಲ.’

ಪಕ್ಷ ಹಿಡಿಯದಿರುವ ಹಕ್ಕು ಎಲ್ಲರಿಗೂ ಇದೆ ಎಂದೇ ನಾನು ಈಗಲೂ ನಂಬಿದ್ದೇನೆ. ಎಲ್ಲರೂ ಒಂದಲ್ಲ ಒಂದು ಪಾಳೆಯದಲ್ಲಿ ಕೂತುಬಿಟ್ಟರೆ ನಾಳೆ ರಾಜಿ ಮಾಡಿಸಲಾದರೂ ಯಾರು ಉಳಿಯುತ್ತಾರೆ? ಆದರೆ ‘ನನಗೆ ಗೊತ್ತಿಲ್ಲ’ ಎನ್ನುವ ಹಕ್ಕು ಎಣ್ಣೆ ಅಳೆಯುವವನಿಗೆ ಇಲ್ಲ. ಯಾಕೆ, ಎಷ್ಟು ಎಂದು ಕೇಳುವುದು ಪಕ್ಷ ಹಿಡಿದಂತಲ್ಲ. ಕೇಳಿದರೆ ಗಿರಾಕಿ ಮುನಿದುಕೊಳ್ಳಬಹುದು, ಲಾಭ ಹೋಗಬಹುದು. ದಡದಲ್ಲಿ ನಿಲ್ಲುವುದಕ್ಕೆ ಅಷ್ಟಾದರೂ ಬೆಲೆ ಇರಬೇಕು.

ಕೊಂಡುಕೊಳ್ಳುವವರಿಗೂ ಇದು ತಪ್ಪಿದ್ದಲ್ಲ. 2022ರಲ್ಲಿ ರಷ್ಯ ಯುಕ್ರೇನಿನ ಮೇಲೆ ಯುದ್ಧಕ್ಕೆ ಹೋದ ಮೇಲೆ ನಮ್ಮ ದೇಶ ಯಾರ ಪಕ್ಷವನ್ನೂ ಹಿಡಿಯಲಿಲ್ಲ, ರಷ್ಯದ ಎಣ್ಣೆಯನ್ನು ಮಾತ್ರ ಹಿಂದೆಂದೂ ಇಲ್ಲದಷ್ಟು ಕೊಂಡಿತು. ಬಡವರ ಪಂಪ್‌ಸೆಟ್ಟು, ಬಸ್ಸು ನಿಲ್ಲಬಾರದೆಂಬ ಕಾರಣ ಸುಳ್ಳಲ್ಲ. ಎರಡು ಪಾಳೆಯಕ್ಕೂ ಬಡಿಸಿದ ಅರಸನ ಆ ಉಡುಪಿಯ ಜಿಲ್ಲೆಯಲ್ಲೇ, ಪಾದೂರಿನ ನೆಲದಡಿಯ ಗುಹೆಗಳಲ್ಲಿ, ಆಪತ್ಕಾಲಕ್ಕೆಂದು 25 ಲಕ್ಷ ಟನ್ ಎಣ್ಣೆ ಹಿಡಿಸುವ ಉಗ್ರಾಣ ಕಟ್ಟಿಕೊಂಡಿದ್ದೇವೆ. ಕಟ್ಟಿಕೊಳ್ಳಬೇಕಾದದ್ದೇ. ಆದರೆ ಅಗ್ಗದ ಎಣ್ಣೆ ಯಾಕೆ ಅಗ್ಗವಾಯಿತು ಎಂದು ಮನಸ್ಸಿನಲ್ಲಾದರೂ ಒಮ್ಮೆ ಕೇಳಿಕೊಳ್ಳಬೇಕು.

ತಂದೆ ಹೋದ ಮೇಲೆ ಅಟ್ಟದಲ್ಲಿ ಹಳೆಯ ಉದ್ರಿ ಪುಸ್ತಕಗಳು ಸಿಕ್ಕವು. ಎಲ್ಲ ಬಾಕಿಗಳ ಮೇಲೂ ಗೀಟು ಎಳೆದಿದ್ದರು, ಬಂದದ್ದಕ್ಕೂ, ಬರದೆ ಬಿಟ್ಟದ್ದಕ್ಕೂ. ಆ ಎರಡು ಬಾಟ್ಲಿಯ ಸಾಲಿನ ಮೇಲೆ ಮಾತ್ರ ಗೀಟು ಇರಲಿಲ್ಲ.