ಕೆರೆಯ ನೀರೂ ಲಕ್ಕಮ್ಮನವರ ಅಕ್ಕಿಯೂ

ಬೊಮ್ಮನಹಳ್ಳಿಯ ನಮ್ಮ ಪಾಠಶಾಲೆಯಲ್ಲಿ ದಾಸೋಹತತ್ತ್ವವನ್ನು ಬೋಧಿಸುತ್ತಿದ್ದಾಗ ವಿದ್ಯಾರ್ಥಿಯೊಬ್ಬನು ಎದ್ದುನಿಂತು ಕೇಳಿದನು: "ಗುರುಗಳೇ, ಬಲವುಳ್ಳದ್ದು ಉಳಿಯುವುದು, ಬಲವಿಲ್ಲದ್ದು ಅಳಿಯುವುದು, ಇದೇ ಸೃಷ್ಟಿಯ ನಿಯಮವೆನ್ನುತ್ತಾರೆ. ಹಾಗಾದರೆ ಹಂಚಿ ಉಣ್ಣಬೇಕೆಂಬ ಶರಣರ ಬೋಧೆ ಸೃಷ್ಟಿಗೆ ವಿರುದ್ಧವಲ್ಲವೇ?" ಪ್ರಶ್ನೆ ಉದ್ಧಟತನದ್ದಲ್ಲ. ಅಂಗಡಿಯಲ್ಲಿ, ಕಚೇರಿಯಲ್ಲಿ, ಅಣ್ಣತಮ್ಮಂದಿರ ಪಾಲುಪಾರಿಕತ್ತಿನಲ್ಲಿ ನಾವೆಲ್ಲರೂ ಒಳಗೊಳಗೇ ಹೇಳಿಕೊಳ್ಳುವ ಸಮಾಧಾನವೇ ಅದು. ಆದುದರಿಂದ ಅದನ್ನು ಗದರಿಸಿ ಅಡಗಿಸದೆ ವಿಚಾರಿಸಿ ನೋಡುವುದು ಯುಕ್ತ.

ಜೀವಜಾತಿಗಳಲ್ಲಿ ಸ್ಪರ್ಧೆಯುಂಟೆಂಬುದು ಸುಳ್ಳಲ್ಲ. ನಮಗೆ ಸಮೀಪದ ಮಡಿವಾಳ ಕೆರೆಯೇ ಅದಕ್ಕೆ ಸಾಕ್ಷಿ. ದಕ್ಷಿಣ ಅಮೆರಿಕದಿಂದ ಬಂದ, ತಿಳಿನೇರಳೆ ಹೂವಿನ ಅಂತರಗಂಗೆಯೆಂಬ ಕಳೆಯು ಈ ಕೆರೆಯನ್ನು ಮತ್ತೆ ಮತ್ತೆ ಮುಸುಕಿದೆ. ಅನುಕೂಲವೊದಗಿದರೆ ಎರಡು ವಾರಗಳಲ್ಲಿ ಇಮ್ಮಡಿಯಾಗಬಲ್ಲ ಈ ಗಿಡವು ನೀರಿನ ಮೇಲೆ ಚಾಪೆ ಹಾಸಿದಂತೆ ಹರಡಿ ಬೆಳಕನ್ನೆಲ್ಲ ತಾನೇ ಹೀರುತ್ತದೆ. ಕೆಳಗಿನ ಜಲಸಸ್ಯಗಳು ಬೆಳಕಿಲ್ಲದೆ ಸಾಯುತ್ತವೆ; ನೀರಿನಲ್ಲಿ ಕರಗಿದ ಆಮ್ಲಜನಕವು ತಗ್ಗಿ ಮೀನುಗಳು ಉಸಿರುಗಟ್ಟುತ್ತವೆ.

ಆದರೆ ಈ ಗೆಲುವು ಬಲದ ಗೆಲುವೇ? ತನ್ನ ತವರಿನಲ್ಲಿ ಈ ಗಿಡವನ್ನು ತಿಂದು ಮಿತಿಯಲ್ಲಿಡುವ ಕೀಟಗಳಿವೆ. ಇಲ್ಲಿ ಅವು ಇರಲಿಲ್ಲ. ೧೯೮೦ರ ದಶಕದಲ್ಲಿ ಅಂತಹ ಮೂತಿಹುಳುಗಳನ್ನು ತರಿಸಿ ಬೆಂಗಳೂರಿನ ಕೆಲವು ಕೆರೆಗಳಲ್ಲಿ ಬಿಟ್ಟಾಗ ಕಳೆಯು ಇಳಿಮುಖವಾಯಿತು. ಇದಲ್ಲದೆ, ಊರಿನ ಚರಂಡಿಯ ಸಾರಜನಕ ರಂಜಕಗಳೇ ಅದಕ್ಕೆ ಗೊಬ್ಬರ. ಅದನ್ನು ಉಣಿಸಿ ಬೆಳೆಸಿದವರು ನಾವು. ಅಪವಾದ ಮಾತ್ರ ಸೃಷ್ಟಿಯ ತಲೆಗೆ.

ರಷ್ಯದ ಗೌಸ್ ಎಂಬ ವಿಜ್ಞಾನಿಯು ಪ್ಯಾರಮೀಸಿಯಂ ಎಂಬ ಸೂಕ್ಷ್ಮಜೀವಿಗಳ ಪ್ರಯೋಗಗಳನ್ನು ವಿವರಿಸಿದ್ದಾನೆ. ಮಿತವಾದ ಒಂದೇ ಆಹಾರಕ್ಕೆ ಎರಡು ಜಾತಿಗಳು ಮುಗಿಬಿದ್ದಾಗ ಒಂದು ಅಳಿಯಿತು. ಆದರೆ ಸೋತ ಅದೇ ಜಾತಿಯನ್ನು, ತಳದ ಆಹಾರವನ್ನು ಉಣ್ಣುವ ಮೂರನೆಯ ಜಾತಿಯೊಡನೆ ಇರಿಸಿದಾಗ ಎರಡೂ ಬದುಕಿದವು. ಕೆರೆಯಲ್ಲಿಯೂ ಹೀಗೆಯೇ: ನೀರುಕಾಗೆ ಮುಳುಗಿ ಮೀನು ಹಿಡಿಯುತ್ತದೆ, ಬೆಳ್ಳಕ್ಕಿ ಅಂಚಿನಲ್ಲಿ ನಿಂತು ಹಿಡಿಯುತ್ತದೆ, ಮಿಂಚುಳ್ಳಿ ಮೇಲಿಂದ ಎರಗುತ್ತದೆ. ಅವು ಕರುಣೆಯಿಂದ ಹಂಚಿಕೊಂಡವೆಂದು ನಾನು ಹೇಳುವುದಿಲ್ಲ. ಒಂದೊಂದಕ್ಕೂ ಅದರದರ ಎಡೆಯುಂಟು, ಹಸಿವಿಗೆ ಮೇರೆಯುಂಟು. ಆದುದರಿಂದ ಕೆರೆ ಅನೇಕರದ್ದಾಗಿ ಉಳಿಯಿತು.

ಮಾನವನ ಹಸಿವಿಗಾದರೋ ಅಂತಹ ಮೇರೆಯಿಲ್ಲ. ಹೊಟ್ಟೆ ತುಂಬಿದ ಮೇಲೂ ಅವನ ಕಣಜ ತುಂಬುವುದಿಲ್ಲ. ಹೊರಗಿಲ್ಲದ ಮೇರೆಯನ್ನು ಒಳಗಿನ ಅರಿವು ಹಾಕಬೇಕು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದರು. ಅದು ಕದ್ದುದಲ್ಲ, ನೆಲಕ್ಕೆ ಬಿದ್ದ ಅಕ್ಕಿ. ಆದರೂ ಲಕ್ಕಮ್ಮನವರು ಹೆಚ್ಚಾದುದನ್ನು ಮರಳಿ ಅಲ್ಲಿಯೇ ಸುರಿದು ಬರಲು ಹೇಳಿದರು. ಆ ತಾಯಿ ಪ್ರಕೃತಿಯನ್ನು ಮೀರಲಿಲ್ಲ. ಪ್ರಕೃತಿಯಲ್ಲಿರುವ ಮಿತಿಯನ್ನು ಅರಿತು ಆಚರಿಸಿದರು.

ಬಾಲಕನಿಗೆ ಇಷ್ಟನ್ನು ಹೇಳಿ ಮನೆಗೆ ಬಂದೆ. ಬಂದಾಗ ನನ್ನದೇ ಕೃತ್ಯವೊಂದು ನೆನಪಾಯಿತು. ಕೆಲವು ವರ್ಷಗಳ ಹಿಂದೆ ಬೇಸಗೆಯಲ್ಲಿ ನನ್ನ ಕೊಳವೆಬಾವಿಯನ್ನು ಇನ್ನಷ್ಟು ಆಳಕ್ಕೆ ಕೊರೆಯಿಸಿದೆನು. ತಿಂಗಳೊಳಗೆ ನೆರೆಮನೆಯ ಬಾವಿ ಬತ್ತಿತು. ಅವರು ಬಿಂದಿಗೆ ಹಿಡಿದು ನೀರಿನ ಲಾರಿಗೆ ಕಾಯುವಾಗ, ನನ್ನ ತೊಟ್ಟಿಯ ನೀರು ತುಂಬಿ ಹೊರಚೆಲ್ಲುತ್ತಿತ್ತು. ಹಣವಿದ್ದವನು ಕೊರೆಯಿಸುತ್ತಾನೆ, ಇದು ಲೋಕರೂಢಿಯೆಂದು ಅಂದು ನಾನೂ ಸಮಾಧಾನ ಹೇಳಿಕೊಂಡಿದ್ದೆನು.

ಓದುಗ ಬಂಧುಗಳೇ, ಕೆರೆಯ ಕಳೆಗೆ ಪಾಪವಿಲ್ಲ. ತಾನು ಏನನ್ನು ಮುಚ್ಚುತ್ತಿದ್ದೇನೆಂದು ಅದು ಅರಿಯದು. ನಾವು ಅರಿಯಬಲ್ಲೆವು. ಅರಿತೂ ಮುಚ್ಚಿದರೆ ಆ ಹೊಣೆಯನ್ನು ಯಾವ ಸೃಷ್ಟಿನಿಯಮವೂ ನಮ್ಮಿಂದ ಇಳಿಸಲಾರದು. ನಮ್ಮ ಮನೆಗೆ ದಿನಕ್ಕೆ ಎಷ್ಟು ಕೊಡ ಸಾಕೆಂದು ಲೆಕ್ಕ ಹಾಕುವುದರಿಂದಲೇ ದಾಸೋಹವು ಮೊದಲಾಗಲಿ.